ಕಾರ್ಖಾನೆಯ ಇರ್ಮಾ ಮಾತಾಡ್ತಿದ್ದೀನಿ

ಇರ್ಮಾ ಯಾನೋಸಿಕ್‌ಳ ಮುಖ ನೋಡುವ ಮೊದಲೇ ನಾನು ಅವಳ ದನಿ ಕೇಳಿದ್ದೆ. ಎಪ್ಪತ್ತೊಂದನೇ ಇಸವಿಯ ಚಳಿಗಾಲ. ಮದುವೆಯಾಗಿ ಅಮೆರಿಕದ ಈ ಉಕ್ಕಿನ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದಾಗ ಗೋಡೆಯ ಫೋನ್ ಬಡಿದುಕೊಂಡಿತು. ಎತ್ತಿದರೆ ಹೆಂಗಸಿನ ದನಿ. ಅದರಲ್ಲಿ ಅವಸರವಿಲ್ಲ, ನಡುಕವಿಲ್ಲ.

"ಟಿಲ್ಲಿ, ಕಾರ್ಖಾನೆಯ ಇರ್ಮಾ ಮಾತಾಡ್ತಿದ್ದೀನಿ. ಮಿಲೋ ಬದುಕಿದ್ದಾನೆ. ಕೈಗೆ ಪೆಟ್ಟು ಬಿದ್ದಿದೆ, ಆಸ್ಪತ್ರೆಗೆ ಕರ್ಕೊಂಡ್ ಹೋದ್ರು. ಕೋಟು ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೊ, ಗಸ್ ಮಲಾಕ್ ಕಾರು ತರ್ತಾ ಇದ್ದಾನೆ."

ಮಿಲೋ ನನ್ನ ಗಂಡ. ಅವನ ಎರಡು ಬೆರಳು ಹೋದವು, ಜೀವ ಉಳಿಯಿತು. ಆ ಫೋನಿನಲ್ಲಿ ಅವಳು ಯಾವ ಮಾತನ್ನು ಮೊದಲು ಹೇಳಿದಳು, ಯಾವುದನ್ನು ಆಮೇಲೆ ಹೇಳಿದಳು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಪಕ್ಕದ ಮನೆಯವರು ತಿಳಿಸಿದರು. ಕಾರ್ಖಾನೆಯ ಟೆಲಿಫೋನ್ ಬೋರ್ಡಿನಲ್ಲಿ ಕೂರುವ ಇರ್ಮಾ ಪೆಟ್ಟಾದವನ ಮನೆಗೆ ತಾನೇ ಫೋನ್ ಮಾಡುತ್ತಾಳೆ, ಮೊದಲ ಮಾತೇ "ಬದುಕಿದ್ದಾನೆ" ಎಂದಿರುತ್ತದೆ. ಬದುಕಿಲ್ಲದಿದ್ದರೆ ಅವಳು ಸತ್ತ ಎನ್ನುವುದೇ ಇಲ್ಲ. "ಒಲೆ ಆರಿಸಿ ಕೂತ್ಕೊ" ಎನ್ನುತ್ತಾಳೆ. ಅಷ್ಟು ಕೇಳಿದರೆ ನದಿಯ ಈಚೆ ದಡದ ಯಾವ ಹೆಂಡತಿಗೂ ಗೊತ್ತಾಗುತ್ತಿತ್ತು. ಆಮೇಲೆ ಚರ್ಚಿನ ಫಾದರ್ ಬಂದು ಬಾಗಿಲು ಬಡಿಯುವವರೆಗೆ ಇರ್ಮಾ ಫೋನ್ ಇಡುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಆ ಕಡೆ ಅವಳಿದ್ದಾಳೆ, ಉಸಿರು ಕೇಳಿಸುತ್ತದೆ, ಅಷ್ಟೇ.

ಈ ಕ್ರಮವನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಅವಳ ಅಪ್ಪ ಅದೇ ಕಾರ್ಖಾನೆಯ ಕುಲುಮೆಯಲ್ಲಿ ತೀರಿಕೊಂಡಾಗ ಆಫೀಸಿನ ಯಾವನೋ ಫೋನ್ ಮಾಡಿ, ನಿಮ್ಮವರು ಹೋದರು, ಬೂಟು ಊಟದ ಡಬ್ಬಿ ಗೇಟಿನ ಹತ್ತಿರ ಇಟ್ಟಿದ್ದೇವೆ ಎಂದು ಹೇಳಿ ಇಟ್ಟಿದ್ದನಂತೆ. ಅವಳ ಅವ್ವ ಫೋನ್ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದಳಂತೆ. ಇರ್ಮಾ ಆಗ ಶಾಲೆಯ ಹುಡುಗಿ. ಶಾಲೆ ಮುಗಿಸಿ ಅದೇ ಕಾರ್ಖಾನೆಗೆ ಹೋಗಿ, ಅದೇ ಫೋನುಗಳ ಮುಂದೆ ಕೂತಳು. ಮದುವೆಯಾಗಲಿಲ್ಲ. ಗಂಡು ಸಿಗಲಿಲ್ಲವೇ ಎಂದು ಕೆಣಕಿದರೆ, ಇಡೀ ಪಾಳಿಯ ಗಂಡಸರು ದಿನಾ ನನ್ನ ಕಿವಿಯಲ್ಲೇ ಇರುತ್ತಾರೆ, ಮನೆಯಲ್ಲಿ ಬೇರೆ ಒಬ್ಬ ಯಾಕೆ ಎನ್ನುತ್ತಿದ್ದಳು.

ಯಾವ ಹೆಂಗಸಿಗೆ ದಿನ ತುಂಬಿದೆ, ಯಾರ ಮನೆಯಲ್ಲಿ ಗಂಡ ಕುಡಿದು ಬಂದಿದ್ದಾನೆ, ಯಾರಿಗೆ ಪಾಳಿ ಬದಲಾಗಬೇಕು, ಎಲ್ಲ ಅವಳಿಗೆ ಗೊತ್ತು. ಫೋನ್ ಮಾಡಿದರೆ, "ಕಾರ್ಖಾನೆಯ ಇರ್ಮಾ ಮಾತಾಡ್ತಿದ್ದೀನಿ, ಏನಾಗ್ಬೇಕು ಹೇಳಿ" ಎನ್ನುವಳು. ಹೇಳಿದರೆ ಆಯಿತು. ಅದು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟುತ್ತಿತ್ತು. ಇರ್ಮಾಗೆ ಹೇಳಿದ್ದೇನೆ ಎಂದರೆ ನಮ್ಮ ಊರಿನಲ್ಲಿ ಕೆಲಸ ಮುಗಿದಂತೆ ಎಂದೇ ಲೆಕ್ಕ.

ತೊಂಬತ್ತನಾಲ್ಕರಲ್ಲಿ ಅವಳ ಬೋರ್ಡನ್ನು ಕಿತ್ತು ಯಂತ್ರ ತಂದರು. ಇನ್ನು ಮುಂದೆ ಫೋನನ್ನು ಯಂತ್ರ ಎತ್ತುತ್ತದೆ, ಪಾಳಿಗೆ ಒಂದು ಒತ್ತಿ, ವಿಮೆಗೆ ಎರಡು ಒತ್ತಿ ಎನ್ನುತ್ತದೆ ಎಂದರು. ಯಂತ್ರಕ್ಕೆ ದನಿ ಬೇಕಲ್ಲ. ಮುಖ್ಯ ಆಫೀಸಿನಿಂದ ಟೈ ಕಟ್ಟಿದ ಒಬ್ಬ ಯುವಕ ಬಂದು, ಜನ ನಿಮ್ಮ ದನಿಯನ್ನು ನಂಬುತ್ತಾರೆ, ನೀವೇ ಓದಿಕೊಡಿ, ದಿನಾ ಹೇಗೆ ಹೇಳುತ್ತೀರೋ ಹಾಗೇ ಶುರುಮಾಡಿ ಎಂದ. ಅವಳು ಹಾಗೇ ಓದಿದಳು. ಒಂದು ಕಡೆ ಸಹಿ ಹಾಕು ಎಂದರು, ಹಾಕಿದಳು. ನಾಲ್ಕು ದಶಕ ಕೂತ ಕುರ್ಚಿಯಿಂದ ಎಬ್ಬಿಸಿ ಕಳಿಸುವಾಗ ಅವಳ ಕೈಗೆ ಕೊಟ್ಟದ್ದು ಹಂದಿಯ ತೊಡೆಯ ಒಂದು ದೊಡ್ಡ ತುಂಡು, ಹಬ್ಬಕ್ಕೆ ಬೇಯಿಸಲು.

ಅದನ್ನು ಬೇಯಿಸಿ ನಮಗೆಲ್ಲ ಬಡಿಸುತ್ತ ಅವಳು ಅಂದಳು: "ಹಂದೀನ ಕೊಯ್ದ್ರೆ ಕೂಗು ಒಂದು ಬಿಟ್ಟು ಎಲ್ಲಾ ಉಪಯೋಗಕ್ಕೆ ಬರುತ್ತೆ. ನನ್ನ ವಿಷ್ಯದಲ್ಲಿ ನೋಡು, ಕೂಗು ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ಮನೆಗೆ ಕಳಿಸಿದ್ರು."

ಆಗ ನಕ್ಕೆವು. ಆ ದನಿಯಿಂದ ಕೆಡುಕು ಬರುತ್ತದೆ ಎಂದು ಯಾರಿಗೆ ಗೊತ್ತು? ಗಂಡಂದಿರನ್ನು ಕಳೆದುಕೊಂಡ ನಮ್ಮಂಥ ಕೆಲವರು, ಕೆಲಸವಿಲ್ಲದಿದ್ದರೂ ಕಾರ್ಖಾನೆಯ ನಂಬರಿಗೆ ಫೋನ್ ಮಾಡಿ ಮೊದಲ ಮಾತಷ್ಟು ಕೇಳಿ ಇಡುತ್ತಿದ್ದದ್ದೂ ಉಂಟು. ಮಿಲೋ ತೀರಿಕೊಂಡ ವರ್ಷ ನಾನೂ ಹಾಗೆ ಮಾಡಿದ್ದೇನೆ.

ನ್ಯೂಯಾರ್ಕಿನ ಗೋಪುರಗಳು ಬಿದ್ದ ಶರತ್ಕಾಲದಲ್ಲೇ ನಮ್ಮ ಕಾರ್ಖಾನೆಯೂ ನಿಂತಿತು. ಪ್ರತಿ ಮನೆಯ ಜಗಲಿಯಲ್ಲೂ ಬಾವುಟ ಹಾರುತ್ತಿತ್ತು. ದೇಶಕ್ಕೆ ಉಕ್ಕು ಬೇಕು, ದೇಶ ನಿಮ್ಮನ್ನು ಮರೆಯುವುದಿಲ್ಲ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಅದೇ ಹೊತ್ತಿಗೆ ಕಂಪನಿ ದಿವಾಳಿ ಎಂದು ಕೋರ್ಟಿಗೆ ಹೋಯಿತು. ಆ ಕಂಪನಿಯ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ನಿವೃತ್ತರ ಆಸ್ಪತ್ರೆ ವಿಮೆ ಮಾರ್ಚ್ ತಿಂಗಳ ಕೊನೆಗೆ ನಿಲ್ಲುತ್ತದೆ, ಸ್ವಂತ ದುಡ್ಡು ಕಟ್ಟಿ ಮುಂದುವರಿಸುವವರು ಅದಕ್ಕೆ ಮೊದಲು ಕಾರ್ಖಾನೆಯ ಅದೇ ನಂಬರಿಗೆ ಫೋನ್ ಮಾಡಿ ತಿಳಿಸಬೇಕು ಎಂದು ಎಲ್ಲರಿಗೂ ಬರೆದು ಕಳಿಸಿದರು. ಬೆನ್ನು ಮುರಿಯುವವರೆಗೆ ದುಡಿಸಿಕೊಂಡು, ಸಂಬಳ ಏರಿಸಿ ಎಂದಾಗಲೆಲ್ಲ, ಈಗ ಬೇಡ, ಮುದುಕರಾದಾಗ ನಿಮ್ಮ ಔಷಧಿ ನಾವು ನೋಡಿಕೊಳ್ಳುತ್ತೇವೆ ಎಂದು ಮೇಜು ಕುಟ್ಟಿ ಮಾತು ಕೊಟ್ಟವರು ಇವರೇ. ನಾವು ಮುದುಕರಾದ ಮೇಲೆ ಮಾತು ಮುರಿದರು.

ಆ ನಂಬರಿಗೆ ಫೋನ್ ಮಾಡಿದರೆ ಎತ್ತುತ್ತಿದ್ದದ್ದು ಇರ್ಮಾ. "ಕಾರ್ಖಾನೆಯ ಇರ್ಮಾ ಮಾತಾಡ್ತಿದ್ದೀನಿ, ಏನಾಗ್ಬೇಕು ಹೇಳಿ." ಆಮೇಲೆ ಒಂದು ಒತ್ತಿ, ಎರಡು ಒತ್ತಿ. ಒತ್ತಿದರೆ, ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ. ಆಮೇಲೆ ಸಂಗೀತ. ಮತ್ತೆ ಇರ್ಮಾ, ಮತ್ತೆ ಸಂಗೀತ, ಆಮೇಲೆ ಫೋನ್ ಕಟ್ಟಾಗುವುದು. ನಾನು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ, ಕಿಟಕಿ ಒರೆಸಿದೆ. ಆ ತುದಿಯಲ್ಲಿ ಮನುಷ್ಯರು ಎನ್ನುವವರು ಇದ್ದರೋ ಇಲ್ಲವೋ ದೇವರಿಗೇ ಗೊತ್ತು. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ. ಇಲ್ಲಿ ಕೋಣವೇ ನಮಗೆ ಕಿನ್ನರಿ ಬಾರಿಸುತ್ತಿತ್ತು.

ಗಸ್ ಮಲಾಕ್‌ನ ವಿಷಯ ಮೊದಲೇ ಹೇಳಿದೆನಲ್ಲ, ನನ್ನನ್ನು ಆಸ್ಪತ್ರೆಗೆ ಕರೆದೊಯ್ದವನು. ಕರಗಿದ ಉಕ್ಕು ಸುರಿಯುವ ಕಡೆ ಇಡೀ ಆಯುಷ್ಯ ದುಡಿದು ಕಿವಿ ಮಂದವಾಗಿತ್ತು. ಅವನ ಹೆಂಡತಿ ವೆರೋನಾಗೆ ಸಕ್ಕರೆ ಕಾಯಿಲೆ. ಸರ್ಕಾರದ ಮುದುಕರ ವಿಮೆ ಸಿಗುವ ವಯಸ್ಸು ಅವಳಿಗಿನ್ನೂ ಆಗಿರಲಿಲ್ಲ. ಗಂಡನ ವಿಮೆಯಲ್ಲೇ ಇನ್ಸುಲಿನ್ ಬರುತ್ತಿತ್ತು. ಗಡುವು ಕಳೆಯಿತು. ಗಸ್ ನಿಶ್ಚಿಂತೆಯಾಗಿದ್ದ. ಅಂಗಡಿಯವನು ಇನ್ಸುಲಿನ್ ಕೊಡುವುದಿಲ್ಲ ಎಂದಾಗಲೂ, ಎಲ್ಲೋ ತಡವಾಗಿದೆ, ಬರುತ್ತದೆ ಎನ್ನುತ್ತಿದ್ದ. ವೆರೋನಾ ಇದ್ದಷ್ಟನ್ನು ಅರ್ಧರ್ಧ ಚುಚ್ಚಿಕೊಂಡಳು. ಹೆಬ್ಬೆರಳಿನ ಗಾಯ ಕಪ್ಪಾಯಿತು. ಬೇಸಿಗೆಯಲ್ಲಿ ಅವಳ ಕಾಲನ್ನು ಮಂಡಿಯ ಕೆಳಗೆ ತೆಗೆದರು.

ಆಗಸ್ಟಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಬಳಿ ನಾನೂ ಇರ್ಮಾಳೂ ನಿಂತಿದ್ದೆವು. ಗಸ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ನಿನ್ನ ಮೇಲೆ ನಂಗೆ ಕೋಪ ಇಲ್ಲ ಇರ್ಮಾ," ಅಂದ. "ಮೇಲಿನವ್ರು ಕೇಳ್ಲಿಲ್ಲ ಅಂದ್ರೆ ನೀನೇನು ಮಾಡೋಕಾಗುತ್ತೆ. ಆದ್ರೆ ಆಗ್ಲಿಲ್ಲ ಅಂತ ಒಂದ್ ಮಾತು ಹೇಳ್ಬಹುದಿತ್ತು."

"ಯಾವ್ದು ಆಗ್ಲಿಲ್ಲ ಅಂತ?"

"ವೆರೋನಾ ಔಷಧಿ ವಿಷ್ಯ. ಫೋನಲ್ಲಿ ಎಷ್ಟು ಸಲ ಹೇಳ್ದೆ. ಏನಾಗ್ಬೇಕು ಹೇಳಿ ಅಂದೆ ನೀನು. ವಿಮೆ ನಿಲ್ಲಿಸ್ಬೇಡಿ, ದುಡ್ಡು ನಾನೇ ಕಟ್ತೀನಿ ಅಂತ ಹೇಳ್ದೆ. ಆಮೇಲೆ ನೀನು ಯಾವ್ಯಾವ್ದೋ ನಂಬರ್ ಓದೋಕೆ ಶುರು ಮಾಡ್ದೆ. ಪಾಪ, ಕೆಲಸದಲ್ಲಿದ್ದೀಯ ಅಂತ ನಾನು ಇಟ್ಬಿಡ್ತಿದ್ದೆ."

ಇದನ್ನು ಓದಿ ಯಾರಾದರೂ ನಗುವುದಾದರೆ ನಗಲಿ. ನಗುವವರು ನಮ್ಮ ಊರಿನವರಲ್ಲ. ಇರ್ಮಾಗೆ ಹೇಳಿದರೆ ಆಯಿತು ಎನ್ನುವುದು ಅವನು ಜೀವಮಾನವೆಲ್ಲ ಕಂಡ ಸತ್ಯ. ಆ ಸತ್ಯವನ್ನೇ ಕದ್ದು ಯಂತ್ರದ ಬಾಯಿಗೆ ತುರುಕಿದ್ದರು. ದಡ್ಡ ಅವನಲ್ಲ.

ಇರ್ಮಾ ಅವನಿಗೆ ನಿಜ ಹೇಳಿದಳು. ಅದು ನಾನಲ್ಲ ಗಸ್, ಅದು ಯಂತ್ರ, ನಾನು ಮನೆಯಲ್ಲಿದ್ದೇನೆ, ಎಂಟು ವರ್ಷದಿಂದ ಮನೆಯಲ್ಲೇ ಇದ್ದೇನೆ ಎಂದು ಅವನ ಕಿವಿಯ ಹತ್ತಿರ ಬಾಗಿ ನಿಧಾನವಾಗಿ ಹೇಳಿದಳು. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಇರ್ಮಾ ನನಗಿಂತ ಮುಂದೆ ಬಿರಬಿರನೆ ನಡೆದಳು. ಅವಳ ಕುತ್ತಿಗೆ ಕೆಂಪಾಗಿತ್ತು.

ಅಂದಿನಿಂದ ಅವಳಿಗೆ ಒಂದೇ ಹಟ. ಆ ಯಂತ್ರದಿಂದ ತನ್ನ ದನಿ ತೆಗೆಯಬೇಕು. ವಿಮೆ ಕೊಡಿಸಲು ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಕೊಡದವರು ತಮ್ಮ ಬಾಯಲ್ಲೇ ಇಲ್ಲ ಎನ್ನಲಿ, ನನ್ನ ಬಾಯಲ್ಲಿ ಬೇಡ ಎನ್ನುವುದಷ್ಟೇ ಅವಳ ವಾದ. ಯಾರನ್ನು ಕೇಳಬೇಕು ಎಂದು ವಿಚಾರಿಸಿದರೆ, ಎಲ್ಲರೂ ಅದೇ ನಂಬರ್ ಕೊಟ್ಟರು. ಅವಳು ಅದಕ್ಕೇ ಫೋನ್ ಮಾಡಿದಳು. ನಾನು ಎದುರಿಗೆ ಕೂತಿದ್ದೆ. ಫೋನಿನೊಳಗಿನ ಇರ್ಮಾ, ದಯವಿಟ್ಟು ಕಾಯಿರಿ ಎಂದಳು. ಈ ಇರ್ಮಾ ಕಾದಳು, ಕಾಫಿ ಆರಿಹೋಯಿತು.

"ನನ್ನನ್ನ ನಾನೇ ಕಾಯಿಸ್ತಾ ಕೂತಿದ್ದೀನಿ ಕಣೇ ಟಿಲ್ಲಿ," ಅಂದಳು. "ಇಷ್ಟು ದುರಹಂಕಾರದ ಹೆಂಗ್ಸು ಅಂತ ಗೊತ್ತಿರ್ಲಿಲ್ಲ."

ಅಕ್ಟೋಬರಿನಲ್ಲಿ ಚುನಾವಣೆಯ ಗಾಳಿ. ಶುಕ್ರವಾರ ನಾವು ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಮಾರುವುದಕ್ಕೆಂದು ಪಿರೋಗಿ ಮಾಡುತ್ತೇವೆ. ಹಿಟ್ಟಿನ ಹಾಳೆಯಲ್ಲಿ ಆಲೂಗಡ್ಡೆ ತುಂಬಿ ಕಡುಬಿನಂತೆ ಅಂಚು ಒತ್ತುವುದು. ಅಲ್ಲಿಗೆ ಒಬ್ಬ ಅಭ್ಯರ್ಥಿ ಬಂದ. ತಲೆಯ ಮೇಲೆ ಕಾರ್ಖಾನೆಯ ಗಟ್ಟಿ ಟೋಪಿ. ಕಾರ್ಖಾನೆ ಬೀಗ ಹಾಕಿ ವರ್ಷವಾಗಿತ್ತು, ನೆಲಮಾಳಿಗೆಯಲ್ಲಿ ಅವನ ತಲೆಯ ಮೇಲೆ ಬೀಳುವುದಕ್ಕೆ ಈರುಳ್ಳಿಯೂ ಇರಲಿಲ್ಲ. ಹೊರದೇಶದ ಉಕ್ಕಿಗೆ ಸುಂಕ ಹಾಕಿದ್ದೇವೆ ಎಂದ. ಒಂದು ಪಿರೋಗಿ ತಾನೂ ಒತ್ತಿದ, ಫೋಟೋ ತೆಗೆಸಿಕೊಂಡ. ಅದು ನೀರಿಗೆ ಹಾಕಿದ ಕೂಡಲೇ ಬಾಯಿಬಿಟ್ಟಿತು.

ಇರ್ಮಾ ಹಿಟ್ಟಿನ ಕೈಯಲ್ಲೇ ಅವನ ಮುಂದೆ ನಿಂತು, ನಿಮ್ಮ ಜೇಬಿನ ಫೋನಿನಿಂದ ಈ ನಂಬರಿಗೆ ಮಾಡಿ ಎಂದಳು. ಕ್ಯಾಮೆರಾ ಇತ್ತಲ್ಲ, ಅವನು ಮಾಡಲೇಬೇಕಾಯಿತು. ಕೇಳಿದ. ಮುಗುಳ್ನಕ್ಕ.

"ಎಷ್ಟು ಹಿತವಾದ ದನಿ," ಅಂದ.

"ಅದು ನಂದು," ಅಂದಳು ಇರ್ಮಾ. "ನಂಗೆ ಅದು ವಾಪಸ್ ಬೇಕು."

ಅವನಿಗೆ ಅರ್ಥವಾಗಲಿಲ್ಲ. ಪಕ್ಕದವನಿಗೆ ಫೋನ್ ಕೊಟ್ಟ, ಪಕ್ಕದವನು ಇರ್ಮಾಳ ಹೆಸರು ಬರೆದುಕೊಂಡ, ಎಲ್ಲರೂ ಹೊರಟುಹೋದರು. ನವೆಂಬರಿನಲ್ಲಿ ಅವನು ಗೆದ್ದ. ಅವನಿಂದ ಅವಳಿಗೆ ಬಂದದ್ದು ಒಂದು ಕ್ರಿಸ್‌ಮಸ್ ಕಾರ್ಡು. ಅದರಲ್ಲಿ ಅವನ ಹೆಂಡತಿ, ಮಕ್ಕಳು, ನಾಯಿ.

ಜನವರಿಯಲ್ಲಿ ನಗರದ ಕೋರ್ಟಿನಲ್ಲಿ ದಿವಾಳಿಯ ವಿಚಾರಣೆ. ನಾವು ನಿವೃತ್ತರು, ವಿಧವೆಯರು ಬಸ್ಸು ಮಾಡಿಕೊಂಡು ಹೋದೆವು. ನಮ್ಮ ಬೀದಿಯಲ್ಲಿ ಹಿಮ ಕೆರೆದು ಮಾಡಿಕೊಂಡ ಜಾಗದಲ್ಲಿ ಅಡುಗೆಮನೆಯ ಕುರ್ಚಿ ಇಟ್ಟುಹೋದರೆ ಅಲ್ಲಿ ಬೇರೆಯವರು ಕಾರು ನಿಲ್ಲಿಸುವುದಿಲ್ಲ. ಕಾನೂನಿನಲ್ಲಿಲ್ಲ, ಆದರೂ ಯಾವ ಕುಡುಕನೂ ಆ ಕುರ್ಚಿ ಸರಿಸುವುದಿಲ್ಲ. ಕೊಟ್ಟ ಮಾತಿಗೆ ಬೆಲೆಯಿಲ್ಲದ ಆ ಕೋರ್ಟಿನಲ್ಲಿ ನನಗೆ ಆ ಕುರ್ಚಿಗಳದ್ದೇ ನೆನಪು. ಅಲ್ಲಿ ಮೊದಲು ನಡೆದದ್ದೇನು ಗೊತ್ತೇ? ಕಂಪನಿ ಮುಳುಗಿದರೂ ಬಿಟ್ಟುಹೋಗದೆ ಉಳಿದ ದೊಡ್ಡ ಅಧಿಕಾರಿಗಳಿಗೆ, ಉಳಿದದ್ದಕ್ಕಾಗಿ ಬಹುಮಾನ ಕೊಡಲು ಒಪ್ಪಿಗೆ. ವೆರೋನಾ ಗಾಲಿಕುರ್ಚಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡಳು. ಅವಳು ಎಲ್ಲಿಗೆ ಬಿಟ್ಟುಹೋಗಬೇಕಿತ್ತು?

ಆಮೇಲೆ ನಮ್ಮವರಲ್ಲಿ ಕೆಲವರಿಗೆ ಮಾತಾಡಲು ಬಿಟ್ಟರು. ಇರ್ಮಾಳ ಸರದಿ ಬಂತು. ನೀಲಿ ಕೋಟು ಹಾಕಿದ್ದಳು, ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು.

"ಯುವರ್ ಆನರ್, ನಾನು ಪಿಂಚಣಿ ಕೇಳೋಕೆ ಬಂದಿಲ್ಲ. ನನ್ನ ಗಂಟಲು ಕೇಳೋಕೆ ಬಂದಿದ್ದೀನಿ."

ಅಷ್ಟಕ್ಕೇ ಕಂಪನಿಯ ವಕೀಲರ ಸಾಲಿನಲ್ಲಿ ಒಬ್ಬ ತಲೆ ಎತ್ತಿದ. ಪಕ್ಕದವನ ಮೊಣಕೈ ತಿವಿದು, ಅವಳೇ, ಫೋನಿನವಳು ಎಂದು ಪಿಸುಗುಟ್ಟಿ ನಕ್ಕ. ಅವರೂ ತಿಂಗಳುಗಟ್ಟಲೆ ಆ ನಂಬರಿಗೆ ಫೋನ್ ಮಾಡಿ ಕಾದವರೇ ಇರಬೇಕು. ನಗು ಇಡೀ ಸಾಲಿಗೆ ಹರಡಿತು. ಕೆಟ್ಟ ಮನಸ್ಸಿನ ನಗುವಲ್ಲ ಎಂದು ಆಮೇಲೆ ಫಾದರ್ ಹೇಳಿದರು. ಇರಬಹುದು. ನನಗೆ ಇಂದಿಗೂ ಆ ಸಾಲಿನ ಹಲ್ಲುಗಳೆಲ್ಲ ನೆನಪಿವೆ.

ಇರ್ಮಾ ನಗು ನಿಲ್ಲುವವರೆಗೆ ಕಾದಳು. ಆಮೇಲೆ ಗಸ್ ಮಾಡಿದ ಫೋನಿನ ವಿಷಯ ಹೇಳಿದಳು, ವೆರೋನಾಳ ಕಡೆ ಕೈ ತೋರಿಸಿದಳು. "ನಾನು ಆ ಫೋನಲ್ಲಿ ಯಾವತ್ತೂ ಯಾರಿಗೂ ಸುಳ್ಳು ಹೇಳಿದೋಳಲ್ಲ. ಈಗ ದಿನಾ ಹೇಳ್ತಾ ಇದ್ದೀನಿ. ಏನಾಗ್ಬೇಕು ಹೇಳಿ ಅಂತೀನಿ, ಕೇಳೋಕೆ ಅಲ್ಲಿ ಯಾರೂ ಇಲ್ಲ. ಅದನ್ನ ಆಫ್ ಮಾಡ್ಸಿ."

ಕಂಪನಿಯ ವಕೀಲ ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ ಹೇಳಿದ: ಮಿಸ್ ಯಾನೋಸಿಕ್ ಅವರು ಸಹಿ ಹಾಕಿದ್ದಾರೆ. ಟೆಲಿಫೋನ್ ವ್ಯವಸ್ಥೆಯೂ ಅದರಲ್ಲಿರುವ ಧ್ವನಿಮುದ್ರಣವೂ ಕಂಪನಿಯ ಆಸ್ತಿ. ಕೊಳ್ಳುವ ಹೊಸ ಕಂಪನಿಗೆ ಉಳಿದ ಆಸ್ತಿಯ ಜೊತೆಗೆ ಅದೂ ಹೋಗುತ್ತದೆ. ಕುಲುಮೆ, ಕ್ರೇನು, ಲಾರಿ, ಮೇಜು, ಕಪಾಟು, ಇರ್ಮಾ. ಜಡ್ಜ್ ಕನ್ನಡಕ ತೆಗೆದು ಒರೆಸಿದರು. ಇದು ಈ ನ್ಯಾಯಾಲಯದ ಮುಂದಿರುವ ವಿಷಯವಲ್ಲ, ಆದರೂ ಎರಡೂ ಕಡೆಯವರು ಕೂತು ನೋಡಿ ಎಂದರು. ಯಾರೂ ಕೂರಲಿಲ್ಲ, ಯಾರೂ ನೋಡಲಿಲ್ಲ. ಗಂಡಸಿನ ಬೆರಳು ಹೋದರೆ ಬೆರಳಿಗೆ ಇಷ್ಟು ಎಂದು ಕಾನೂನಿದೆ. ಮಿಲೋಗೂ ಕೊಟ್ಟಿದ್ದರು. ಹೆಂಗಸಿನ ದನಿ ಕಿತ್ತುಕೊಂಡರೆ ಕಾನೂನು ಕನ್ನಡಕ ಒರೆಸುತ್ತದೆ.

ಬಸ್ಸಿನಲ್ಲಿ ಇರ್ಮಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ, ಆ ಫೋನಿನೊಳಗಿನವಳನ್ನು ಸುಮ್ಮನಿರಿಸಲು ಆಗದಿದ್ದರೆ ನಾನು ಅವಳಿಗಿಂತ ಮೊದಲು ಫೋನ್ ಎತ್ತುತ್ತೇನೆ ಎಂದಳು. ಮುಂದಿನ ಭಾನುವಾರ ಚರ್ಚಿನಲ್ಲಿ ಅವಳ ಮನೆಯ ನಂಬರನ್ನು ಫಾದರ್ ಗಟ್ಟಿಯಾಗಿ ಓದಿದರು. ಕಾರ್ಖಾನೆಗೆ ಫೋನ್ ಮಾಡಬೇಡಿ, ಇರ್ಮಾಗೆ ಮಾಡಿ.

ಮಾಡಿದರು. ಬೆಳಿಗ್ಗೆಯಿಂದ ಸಂಜೆವರೆಗೆ ಅವಳ ಅಡುಗೆಮನೆಯ ಫೋನ್ ಬಡಿದುಕೊಳ್ಳುತ್ತಲೇ ಇರುತ್ತಿತ್ತು. "ಇರ್ಮಾ. ನಿಜವಾದೋಳು. ಏನಾಗ್ಬೇಕು ಹೇಳಿ." ಎಲ್ಲಿ ಅಗ್ಗಕ್ಕೆ ಔಷಧಿ ಸಿಗುತ್ತದೆ, ಕೆನಡಾಕ್ಕೆ ಅಗ್ಗದ ಔಷಧಿ ತರಲು ಹೋಗುವ ಮುದುಕರ ಬಸ್ಸು ಎಂದು ಹೊರಡುತ್ತದೆ, ಯಾವ ಡಾಕ್ಟರು ಸ್ಯಾಂಪಲ್ ಕೊಡುತ್ತಾರೆ, ಎಲ್ಲ ಕೇಳಿಟ್ಟುಕೊಂಡು ಹೇಳುತ್ತಿದ್ದಳು. ಆಗದಿದ್ದರೆ ಆಗುವುದಿಲ್ಲ ಎನ್ನುತ್ತಿದ್ದಳು. ವೆರೋನಾಳ ಇನ್ಸುಲಿನ್ ಆ ಅಡುಗೆಮನೆಯಿಂದಲೇ ಹೊಂದಿಕೆಯಾಯಿತು. ಫ್ಲಾರಿಡಾದಲ್ಲಿದ್ದ ತಂಗಿ ಬಾ ಎಂದು ಕರೆದಳು, ಬಿಸಿಲಿದೆ, ಸಮುದ್ರವಿದೆ ಎಂದಳು. ಫೋನ್ ಬಿಟ್ಟು ಹೇಗೆ ಬರಲಿ ಎಂದಳು ಇರ್ಮಾ.

ಹೊಸ ಕಂಪನಿ ಕುಲುಮೆಗಳನ್ನು ಒಡೆದು ಗುಜರಿಗೆ ಮಾರಿತು. ನಂಬರ್ ಮಾತ್ರ ಹಾಗೇ ಇತ್ತು. ಇಡೀ ದಡ ಬಯಲಾಗಿ, ಹುಲ್ಲು ಬೆಳೆದು, ಅಲ್ಲಿ ಬಾತುಕೋಳಿಗಳು ಅಡ್ಡಾಡುತ್ತಿದ್ದರೂ, ಫೋನ್ ಮಾಡಿದರೆ "ಕಾರ್ಖಾನೆಯ ಇರ್ಮಾ ಮಾತಾಡ್ತಿದ್ದೀನಿ" ಎಂದೇ ಬರುತ್ತಿತ್ತು.

ಊರಿಗೆಲ್ಲ ಔಷಧಿ ಹುಡುಕಿಕೊಡುತ್ತಿದ್ದವಳು ತನ್ನ ಹೃದಯದ ಮಾತ್ರೆಯನ್ನು ಚಾಕುವಿನಲ್ಲಿ ಎರಡು ಮಾಡಿ ನುಂಗುತ್ತಿದ್ದಳು ಎನ್ನುವುದು ಅವಳು ಬಿದ್ದ ಮೇಲೆ ಗೊತ್ತಾಯಿತು. ಬೈದೆ. ಅರ್ಧ ಮುದುಕಿಗೆ ಅರ್ಧ ಮಾತ್ರೆ ಸಾಕು ಎಂದಳು. ಕಾಲು ಊದಿಕೊಂಡಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಡುಗೆಮನೆಯಲ್ಲೇ, ಫೋನಿನ ಪಕ್ಕ, ದಿಂಬು ಒರಗಿಸಿ ಕೂರಿಸಿದ್ದೆವು. ಎರಡು ಸಾವಿರದ ಐದನೇ ಇಸವಿಯ ವಸಂತ. ನಾನು ಸಾರು ತೆಗೆದುಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು ಸಾಕು ಎಂದಳು. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಮೇಲೆ ಬಿದ್ದಿತ್ತು. ಅವಳು ನನ್ನ ಕೈ ಹಿಡಿದಳು. ದನಿ ಮಾತ್ರ ಆ ಎಪ್ಪತ್ತೊಂದರ ಚಳಿಗಾಲದ್ದೇ, ಅವಸರವಿಲ್ಲ, ನಡುಕವಿಲ್ಲ.

"ಟಿಲ್ಲಿ, ನಾನು ಹೋದ್ಮೇಲೂ ಅವಳು ಅಲ್ಲಿ ಮಾತಾಡ್ತಾನೇ ಇರ್ತಾಳೆ. ಜನ ನಾನಿದ್ದೀನಿ ಅಂದ್ಕೊಂಡು ಅವಳಿಗೆ ಕಷ್ಟ ಹೇಳ್ಕೋತಾರೆ. ಹಾಗಾಗ್ಬಾರ್ದು. ನೀನು ಮನೆಮನೆಗೂ ಫೋನ್ ಮಾಡು, ಯಾರನ್ನೂ ಬಿಡ್ಬೇಡ. ಗಸ್‌ಗೆ ಮೊದ್ಲು ಮಾಡು. ಅವನಿಗೆ ಕಿವಿ ಕೇಳ್ಸಲ್ಲ, ನಿಧಾನಕ್ಕೆ ಹೇಳು. ಒಲೆ ಆರಿಸಿ ಕೂತ್ಕೊ ಅನ್ನು. ಅವನ ಬಾಗಿಲನ್ನ ಯಾರಾದ್ರೂ ಬಂದು ಬಡಿಯೋ ತನಕ ಫೋನ್ ಇಡ್ಬೇಡ."